ಸ್ಟೂಲಕ್ಕನ ಕಾವು ಕೋಳಿಗಳು

ಅವಳ ಎತ್ತರ ನಾಲ್ಕಡಿ ಆರಿಂಚು. ಲಾಂಡ್ರಿಯ ಇಸ್ತ್ರಿ ಮೇಜನ್ನು ಯಾರೋ ಆರಡಿ ಗಂಡಸರ ಅಳತೆಗೆ ಮಾಡಿಸಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಕಾಲಿನಿಂದ ತಳ್ಳಿಕೊಂಡು ಬಂದು ಮೇಲೆ ಹತ್ತಿ ನಿಂತಳು. ಹತ್ತಿದವಳು ಹತ್ತೊಂಬತ್ತು ವರ್ಷ ಇಳಿಯಲೇ ಇಲ್ಲ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಸ್ಟೂಲಕ್ಕ ಎಂಬ ಹೆಸರು ಅಂಟಿದ್ದು ಹಾಗೆ. ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ. ಗಿಡ್ಡಿ, ಕುಳ್ಳಿ, ಮುಕ್ಕಾಲು ಎಂದೆಲ್ಲ ಕರೆಸಿಕೊಂಡು ಬೆಳೆದವಳಿಗೆ ಸ್ಟೂಲಕ್ಕ ಎನ್ನುವುದು ಬಡ್ತಿ ಸಿಕ್ಕಂತೆಯೇ ಇತ್ತು.

ಆ ಹತ್ತೊಂಬತ್ತು ವರ್ಷಗಳಲ್ಲಿ ಅವಳಿಗೊಂದು ವಿದ್ಯೆ ಕೈಹತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹಿಡಿದು, "ಇದು ರೇಷ್ಮೆಗೆ ಜಾಸ್ತಿಯಾಯ್ತು, ಹತ್ತಿಗೆ ಇನ್ನೂ ಸಾಲದು" ಎಂದುಬಿಡುತ್ತಿದ್ದಳು. ಒಂದೇ ಒಂದು ಬಟ್ಟೆಯನ್ನೂ ಸುಟ್ಟವಳಲ್ಲ. ಆಮೇಲೆ ಲಾಂಡ್ರಿಗೆ ಆವಿಯಿಂದ ಇಸ್ತ್ರಿ ಮಾಡುವ ದೊಡ್ಡ ಯಂತ್ರ ಬಂತು. ಎಂಟು ಜನರ ಕೆಲಸ ಹೋಯಿತು. ಆ ಎಂಟರಲ್ಲಿ ಸ್ಟೂಲಕ್ಕನೂ ಒಬ್ಬಳು. ಆಗ ಅವಳಿಗೆ ನಲವತ್ನಾಲ್ಕು ವರ್ಷ.

ಮನೆಯಲ್ಲಿ ಬಸ್ ಡ್ರೈವರ್ ಗಂಡ, ಬಾಯಿ ಜೋರಿನ ಅತ್ತೆ. ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲಿನಾಚೆ ಹತ್ತು ಹೆಜ್ಜೆ ಉದ್ದದ ಹಿತ್ತಿಲು. ಕೆಲಸವಿಲ್ಲದ ಮೊದಲ ವಾರ ಸ್ಟೂಲಕ್ಕ ಮನೆಯ ಪರದೆಗಳನ್ನೂ ದಿಂಬಿನ ಚೀಲಗಳನ್ನೂ ಮೂರು ಮೂರು ಸಲ ಇಸ್ತ್ರಿ ಮಾಡಿದಳು. ಅತ್ತೆ ನೋಡಿ ನೋಡಿ, "ಇನ್ನು ನಾನೊಬ್ಬಳು ಉಳಿದಿದ್ದೀನಿ, ನನ್ನ ಸುಕ್ಕನ್ನೂ ತೀಡಿಬಿಡು" ಎಂದರು.

ಹಾಗಿರುವಾಗ ಲಾಂಡ್ರಿಯ ಹಳೆಯ ಗಿರಾಕಿ, ಪಿಟೀಲು ಹೇಳಿಕೊಡುವ ಅಮ್ಮ ಒಂದು ಸಂಜೆ ಬಾಗಿಲಿಗೆ ಬಂದರು. ಅವರು ತೋಟದ ಮನೆ ಬಿಟ್ಟು ಮೂರನೇ ಮಹಡಿಯ ಫ್ಲ್ಯಾಟಿಗೆ ಹೋಗುವವರಿದ್ದರು. ಕೈಯಲ್ಲೊಂದು ಬುಟ್ಟಿ. ಅದರೊಳಗೆ ಒಂದು ಹೇಟೆ, ಒಂದು ಹುಂಜ. ಎರಡನ್ನೂ ಸೇರಿಸಿ ತೂಗಿದರೂ ಮಾಮೂಲಿ ಕೋಳಿಯೊಂದರ ತೂಕ ಬರುತ್ತಿರಲಿಲ್ಲ.

"ಬ್ಯಾಂಟಮ್ ಅಂತಾರೆ ಇದಕ್ಕೆ. ಗಿಡ್ಡ ಜಾತಿ, ಇವು ಬೆಳೆಯೋದೇ ಇಷ್ಟು" ಎಂದರು ಪಿಟೀಲಮ್ಮ. "ಲಿಫ್ಟಿನಲ್ಲಿ ಕೋಳಿ ತಗೊಂಡು ಹೋಗೋಕೆ ಬಿಡಲ್ವಂತೆ. ನಿನ್ನ ಹತ್ತಿರ ಇದ್ದರೆ ನನಗೆ ಸಮಾಧಾನ."

ಅತ್ತೆ ಬುಟ್ಟಿಯೊಳಗೆ ಇಣುಕಿದರು. "ಇದೇನು ಕೋಳಿನೋ ಗುಬ್ಬಿನೋ? ಹೋಗಲಿ ಬಿಡು, ನಮ್ಮ ಮನೆಗೆ ಬರೋದೆಲ್ಲ ಇದೇ ಸೈಜು."

ಸ್ಟೂಲಕ್ಕ ಹೇಟೆಯನ್ನು ಎತ್ತಿಕೊಂಡಳು. ಅದು ಅವಳ ಅಂಗೈಯಲ್ಲಿ ಕುಳಿತು ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಅವಳನ್ನು ಅಳೆದು ನೋಡಿತು. ಪುಕ್ಕದೊಳಗೆ ಬೆರಳಿಟ್ಟಾಗ ಸ್ಟೂಲಕ್ಕನಿಗೆ ಮೊದಲು ಗೊತ್ತಾದದ್ದು ಬಿಸಿ. ಇಷ್ಟು ಚಿಕ್ಕ ಒಡಲಿನಲ್ಲಿ ಇಷ್ಟೊಂದು ಬಿಸಿಯೇ ಎಂದು ಬೆರಗಾದಳು.

ಮೊದಲ ಸಲ ಒಂಬತ್ತು ಮರಿಗಳಾದವು. ಹೆಬ್ಬೆರಳಿನಷ್ಟು ದಪ್ಪ, ಹಳದಿ ಕಂದು ಪಟ್ಟೆ. ತಾಯಿ ತುಳಿದು ಸಾಯಿಸುತ್ತದೆ ಎಂದು ಪಕ್ಕದ ಬೀದಿಯವರು ಯಾರೋ ಹೇಳಿದ್ದನ್ನು ನಂಬಿ ಸ್ಟೂಲಕ್ಕ ಮರಿಗಳನ್ನು ಬೇರೆ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಇಟ್ಟಳು. ಎರಡು ನೀರಿನ ಬಟ್ಟಲಿಗೆ ಬಿದ್ದು ಸತ್ತವು. ಮೂರು ಜಾಲರಿಯ ಕಣ್ಣಿನಿಂದ ನುಸುಳಿ ಹೋಗಿ ಬೆಕ್ಕಿನ ಪಾಲಾದವು. ಮೂರಕ್ಕೆ ಹಾಸು ಒದ್ದೆಯಾಗಿ ರಕ್ತಭೇದಿ ಹತ್ತಿತು. ತಿಂಗಳು ತುಂಬುವಷ್ಟರಲ್ಲಿ ಉಳಿದದ್ದು ಒಂದು.

ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತು ಮಗುವಿನಂತೆ ಅತ್ತಳು. ಅತ್ತೆ ಬಾಗಿಲಿಗೆ ಬಂದರು.

"ಅತ್ತರೆ ಕೋಳಿ ಎದ್ದು ಬರುತ್ತಾ? ಎಲ್ಲಿ ಎಡವಿದೆ ಅಂತ ನೋಡ್ಕೋ. ಎಡವಿದ ಕಾಲೇ ದಾರಿ ಕಲಿಯೋದು."

ಸ್ಟೂಲಕ್ಕ ಕಣ್ಣೊರೆಸಿಕೊಂಡಳು. ಅಂದಿನಿಂದ ನೀರಿನ ಬಟ್ಟಲಿನಲ್ಲಿ ಗೋಲಿಗಳನ್ನು ತುಂಬಿಸಿದಳು. ಮರಿಗಳು ಗೋಲಿಗಳ ನಡುವಿನ ನೀರು ಕುಡಿಯಬೇಕೇ ಹೊರತು ಮುಳುಗುವಂತಿಲ್ಲ. ಜಾಲರಿಯ ಬುಡಕ್ಕೆ ಒಂದು ಮೊಳ ಎತ್ತರ ಸೊಳ್ಳೆ ತಡೆಯುವ ಸಣ್ಣ ಕಣ್ಣಿನ ತಂತಿಬಲೆ ಹೊಲಿದಳು. ನುಚ್ಚನ್ನು ಮತ್ತೊಮ್ಮೆ ಒರಳಿನಲ್ಲಿ ಕುಟ್ಟಿ, ಆ ಪುಟ್ಟ ಕೊಕ್ಕಿಗೆ ಹಿಡಿಸುವಂತೆ ಜರಡಿ ಹಿಡಿದಳು. ಹಾಸಿನ ಮರದ ಹೊಟ್ಟನ್ನು ದಿನಾ ಮುಷ್ಟಿಯಲ್ಲಿ ಹಿಂಡಿ ನೋಡಿ, ಉಂಡೆ ಕಟ್ಟಿದರೆ ಅಂದೇ ಬದಲಿಸಿದಳು. ತಾಯಿ ಇದ್ದ ಮರಿಗಳನ್ನು ತಾಯಿಯ ಹತ್ತಿರವೇ ಬಿಟ್ಟಳು. ತಾಯಿಯಿಲ್ಲದವಕ್ಕೆ ಬಲ್ಬು ಹಾಕಿದಾಗ ಮರಿಗಳ ಮಾತು ಕೇಳುವುದನ್ನು ಕಲಿತಳು: ಬಲ್ಬಿನ ಕೆಳಗೆ ಗುಂಪುಗೂಡಿ ಕಿರುಚಿದರೆ ಚಳಿ, ಮೂಲೆಗೆ ಓಡಿ ಬಾಯಿ ಬಿಟ್ಟರೆ ಸೆಕೆ, ಚೆಲ್ಲಿದ ಕಾಳಿನ ಹಾಗೆ ಹರಡಿಕೊಂಡು ಮಲಗಿದರೆ ಸರಿ. ಇಸ್ತ್ರಿಯ ಬಿಸಿ ಅಳೆದ ಕೆನ್ನೆಗೆ ಇದೇನು ಮಹಾ!

ಗಂಡ ಡಿಪೋದಲ್ಲಿ ಗುಜರಿಗೆ ಹೋಗುತ್ತಿದ್ದ ಬಸ್ಸಿನ ನಾಲ್ಕು ಕಿಟಕಿಗಳನ್ನು ಕೇಳಿ ತಂದು ಗೂಡು ಕಟ್ಟಿಕೊಟ್ಟ. ಸೆಕೆಯಾದರೆ ಗಾಜು ಸರಿಸಬಹುದು, ಗಾಳಿ ಬೀಸಿದರೆ ಮುಚ್ಚಬಹುದು. "ಕಿಟಕಿ ಸೀಟು ಬೇಕು ಅಂತ ನಿನ್ನ ಕೋಳಿಗಳು ಜಗಳ ಆಡಲ್ಲ ತಾನೆ?" ಎಂದು ರೇಗಿಸಿದ. ಮೂರು ವರ್ಷದಲ್ಲಿ ಆ ಗೂಡಿನಲ್ಲಿ ಹನ್ನೆರಡು ಹೇಟೆ, ಎರಡು ಹುಂಜ ಆದವು. ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆಯನ್ನು ಪ್ರತಿ ಮರಿಯ ಕಣ್ಣಿಗೂ ಅವಳೇ ಹನಿ ಹಾಕುತ್ತಿದ್ದಳು. ಅವಳ ಮೊಟ್ಟೆ ಪುಟ್ಟದು ಎಂದು ಮೂಗು ಮುರಿದವರು ಒಮ್ಮೆ ತಿಂದ ಮೇಲೆ ಮತ್ತೆ ಮತ್ತೆ ಬಂದರು.

ಆ ಊರಿನಲ್ಲಿ ಕೋಳಿ ಸಾಕುವವರದೊಂದು ಸಂಘವಿತ್ತು. ಅಧ್ಯಕ್ಷರು ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು. ನೆಟ್ಟಗೆ ಬೆನ್ನು, ಕೊರಳಿಗೆ ಇನ್ನೂ ಸೀಟಿ. ಅವರ ತಾತನ ಕಾಲದಿಂದ ಬಂದ ಉದ್ದಗಾಲಿನ ಕಪ್ಪು ಕೋಳಿಗಳು ಅವರ ಮನೆಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ವರ್ಷಕ್ಕೊಮ್ಮೆ ಸಂಘದ ಪ್ರದರ್ಶನ. ಆ ವರ್ಷ ಸ್ಟೂಲಕ್ಕನೂ ತನ್ನ ಮೊದಲ ಹೇಟೆಯನ್ನು ಮೀಯಿಸಿ, ಉಗುರು ಕತ್ತರಿಸಿ, ಬುಟ್ಟಿಯಲ್ಲಿಟ್ಟುಕೊಂಡು ಹೋದಳು.

ಮೇಷ್ಟ್ರು ಬುಟ್ಟಿಯ ಮುಚ್ಚಳ ಎತ್ತಿ ನೋಡಿದರು. ಮುಚ್ಚಳವನ್ನು ಹಾಗೇ ಕೆಳಗಿಟ್ಟರು.

"ನೋಡಮ್ಮಾ, ಇದು ಕೋಳಿ ಪ್ರದರ್ಶನ. ಗೊಂಬೆ ಅಂಗಡಿ ಅಲ್ಲ. ಎರಡು ಕೇಜಿಗಿಂತ ಕಡಿಮೆ ಇರೋದನ್ನ ನಾವು ಕೋಳಿ ಅಂತ ಬರೆದುಕೊಳ್ಳಲ್ಲ. ನಿಯಮ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸ್ಟೂಲಕ್ಕನ ಮುಖ ಕಿವಿಯವರೆಗೂ ಕೆಂಪಾಯಿತು. "ಆಗಲಿ ಸಾರ್" ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡಳು. ಮನೆಗೆ ಬಂದು ವಿಷಯ ಹೇಳಿದರೆ ಅತ್ತೆ ಕೆರಳಿ ಕೆಂಡವಾದರು. ಸೊಸೆಯನ್ನು ದಿನಕ್ಕೆ ಹತ್ತು ಸಲ ಗಿಡ್ಡಿ ಎನ್ನುವ ಹಕ್ಕು ತಮಗಿತ್ತು, ಹೊರಗಿನವರಿಗಿರಲಿಲ್ಲ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನೋದನ್ನ ಆ ಸೀಟಿಯವನಿಗೆ ಯಾರೂ ಹೇಳಿಕೊಟ್ಟಿಲ್ವಾ?"

ಎಂಟು ತಿಂಗಳು ಕಳೆದವು. ಒಂದು ಮಧ್ಯಾಹ್ನ, ಮೇಷ್ಟ್ರು ಪಿಂಚಣಿ ಕಚೇರಿಗೆ ಹೋಗಿದ್ದಾಗ, ಬೀದಿನಾಯಿಗಳ ಹಿಂಡೊಂದು ಅವರ ಬೇಲಿ ಕಿತ್ತು ಒಳನುಗ್ಗಿತು. ಹದಿನಾರು ಹೇಟೆಗಳಲ್ಲಿ ಒಂದೂ ಉಳಿಯಲಿಲ್ಲ. ಒಂದು ಹುಂಜ ಮಾತ್ರ ಹೆಂಚಿನ ಮೇಲೆ ಹಾರಿ ಕುಳಿತು ಬದುಕಿಕೊಂಡಿತು. ಅಳಿದ ಊರಿಗೆ ಉಳಿದವನೇ ಗೌಡ ಎಂದು ಸಂಘದವರು ಸಮಾಧಾನ ಹೇಳಲು ನೋಡಿದರೆ ಮೇಷ್ಟ್ರು ನಗಲಿಲ್ಲ. ಅವರಿಗಿದ್ದ ಆಸೆ ಒಂದೇ. ಅದೇ ಬೆಳಿಗ್ಗೆ ಅವರು ಅರವತ್ತು ಮೊಟ್ಟೆಗಳನ್ನು ಕಾವು ಯಂತ್ರಕ್ಕೆ ಇಟ್ಟಿದ್ದರು. ಆ ತಳಿಯ ಕೊನೆಯ ಮೊಟ್ಟೆಗಳು.

ಅಲ್ಲಿಂದ ಹನ್ನೊಂದನೇ ದಿನ ಬೆಳಗಿನ ಜಾವ ಕರೆಂಟು ಹೋಗಿ, ರಭಸದಿಂದ ವಾಪಸು ಬಂತು. ಯಂತ್ರದ ಒಳಗಿನ ಬಿಸಿ ತಂತಿ ಸುಟ್ಟುಹೋಯಿತು. ಹತ್ತು ಗಂಟೆಗೆ ಮೇಷ್ಟ್ರು ನೋಡುವಾಗ ಯಂತ್ರ ತಣ್ಣಗಿತ್ತು. ಹೊಸ ತಂತಿ ದೂರದ ಪಟ್ಟಣದಿಂದ ಬರಲು ಮೂರು ದಿನ ಬೇಕು. ದನದ ಡಾಕ್ಟರಿಗೆ ಫೋನು ಮಾಡಿದರೆ ಅವರೆಂದರು, "ಮೂರು ದಿನ ಅಲ್ಲ ಸಾರ್, ಸಂಜೆವರೆಗೂ ಕಾಯೋ ಹಾಗಿಲ್ಲ. ಕಾವಿಗೆ ಕೂತ ಕೋಳಿಗಳು ಬೇಕು. ಕಾವು ಅಂದರೆ ಬ್ಯಾಂಟಮ್ಮು. ಅವಕ್ಕೆ ಅದೇ ಹುಚ್ಚು. ಸ್ಟೂಲಕ್ಕನ ಹತ್ತಿರ ಇದಾವಲ್ಲ?"

ಮೇಷ್ಟ್ರ ಸ್ಕೂಟರ್ ಮನೆ ಮುಂದೆ ನಿಂತಾಗ ಎದುರಾದದ್ದು ಅತ್ತೆ.

"ಬನ್ನಿ ಬನ್ನಿ. ಗೊಂಬೆ ಬೇಕಾಗಿತ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು. "ಬಯ್ಯಿರಿ ಅಮ್ಮಾ, ಬಯ್ಯಿಸಿಕೊಳ್ಳೋಕೆ ಬಂದಿದ್ದೀನಿ. ಆದರೆ ಮೊದಲು ನಿಮ್ಮ ಸೊಸೇನ ಕರೀರಿ."

ಸ್ಟೂಲಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಎಲ್ಲವನ್ನೂ ಕೇಳಿದಳು. ಅವಳ ಏಳು ಹೇಟೆಗಳು ಆಗ ಕಾವಿಗೆ ಕೂತಿದ್ದವು, ನಿಜ. ಆದರೆ ಬರಿದೇ ಕೂತಿರಲಿಲ್ಲ. ಐದು ದಿನಗಳಿಂದ ಅವಳದೇ ಐವತ್ತೈದು ಮೊಟ್ಟೆಗಳ ಮೇಲೆ ಕೂತಿದ್ದವು. ವರ್ಷದ ದೊಡ್ಡ ಕಾವು ಅದು; ಮರಿ ಬೇಕೆಂದು ಹೇಳಿಟ್ಟವರು ಬೀದಿಗಿಬ್ಬರಿದ್ದರು.

"ಯಾವನೋ ನಕ್ಕು ಕಳಿಸಿದ ಅಂತ ನಿನ್ನ ಮೊಟ್ಟೆ ಎಸೀತೀಯಾ?" ಅತ್ತೆ ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು. ಅವರ ಪಿಸುಮಾತು ಬೀದಿಯ ಕೊನೆಗೂ ಕೇಳುತ್ತಿತ್ತು.

ಸ್ಟೂಲಕ್ಕ ಒಂದು ಕ್ಷಣ ಕಿಟಕಿಯಾಚೆ ಗೂಡನ್ನು ನೋಡಿದಳು.

"ನಮ್ಮವು ಮುಂದಿನ ತಿಂಗಳೂ ಇಡ್ತಾವೆ ಅತ್ತೆ. ಅವರ ಮನೆಯಲ್ಲಿ ಇಡೋಕೆ ಯಾರೂ ಉಳಿದಿಲ್ಲ."

ಅತ್ತೆ ಒಲೆ ಹಚ್ಚಿ ನೀರು ಕಾಯಲಿಟ್ಟರು. "ನಿಂತು ಏನು ನೋಡ್ತೀಯಾ? ಬಿಸಿನೀರಿನ ಬಾಟಲಿ ಬೇಡ್ವಾ?"

ಬಿಸಿನೀರಿನ ಬಾಟಲಿ, ಉಣ್ಣೆ ಕಂಬಳಿ, ಲಾಂಡ್ರಿ ಕಾಲದ ದೊಡ್ಡ ಬುಟ್ಟಿ ಹಿಡಿದು ಸ್ಟೂಲಕ್ಕ ಆಟೋದಲ್ಲಿ ಮೇಷ್ಟ್ರ ಮನೆಗೆ ಹೋದಳು. ಪ್ರತಿ ಮೊಟ್ಟೆಯನ್ನೂ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ನೋಡಿದಳು. ಕಾವಿಗಿಟ್ಟ ಮೊಟ್ಟೆಯೊಳಗೆ ಜೀವವಿದ್ದರೆ ಅದು ಹೊರಗಿನ ಗಾಳಿಗಿಂತ ಒಂದು ಎಳೆಯಷ್ಟು ಬೆಚ್ಚಗಿರುತ್ತದೆ. ರೆಪ್ಪೆಗೆ ಆ ಎಳೆ ಸಿಗುತ್ತದೆ. ಅನುಮಾನ ಬಂದವನ್ನು ಕರಿ ಬಟ್ಟೆಯ ಮುಸುಕಿನೊಳಗೆ ಟಾರ್ಚಿಗೆ ಹಿಡಿದಳು. ಕೆಂಪು ನರಗಳ ಜೇಡರಬಲೆ, ನಡುವೆ ಕಪ್ಪು ಚುಕ್ಕೆಯೊಂದು ಮಿಸುಕಿದರೆ ಬುಟ್ಟಿಗೆ, ಮಿಸುಕದಿದ್ದರೆ ಪಕ್ಕಕ್ಕೆ. ಹದಿನಾರು ಪಕ್ಕಕ್ಕೆ ಹೋದವು. ನಲವತ್ನಾಲ್ಕು ಬುಟ್ಟಿಗೆ ಬಂದವು.

"ಥರ್ಮಾಮೀಟರ್ ಇದೆ, ತರಲಾ?" ಎಂದರು ಮೇಷ್ಟ್ರು.

"ಇದೆಯಲ್ಲ ಸಾರ್" ಎಂದು ರೆಪ್ಪೆ ಮುಟ್ಟಿ ತೋರಿಸಿದಳು.

ಕಾವು ಕೋಳಿಯ ಮೊಟ್ಟೆ ಬದಲಿಸಬೇಕಾದರೆ ಕತ್ತಲಿರಬೇಕು. ಬೆಳಕಿನಲ್ಲಿ ಹೊಸ ಮೊಟ್ಟೆ ಕಂಡರೆ ಎದ್ದು ಹೋದರೂ ಹೋದೀತು. ಕತ್ತಲಾಗುವವರೆಗೆ ಕಾಯುವಂತಿರಲಿಲ್ಲ. ಸ್ಟೂಲಕ್ಕ ಬುಟ್ಟಿಯೊಂದಿಗೆ ಮನೆಗೆ ಬಂದವಳೇ ಕಂಬಳಿ, ಗೋಣಿ, ಗಂಡನ ಮಳೆಕೋಟು ಎಲ್ಲವನ್ನೂ ಬಸ್ ಕಿಟಕಿಗಳ ಮೇಲೆ ಹೊದಿಸಿ, ಮಧ್ಯಾಹ್ನ ಮೂರು ಗಂಟೆಗೆ ಗೂಡಿನೊಳಗೆ ರಾತ್ರಿ ಮಾಡಿಬಿಟ್ಟಳು. ಹುಂಜಗಳು ಪಾಪ, ದಿನ ಮುಗಿಯಿತೆಂದು ನಂಬಿ ಅಟ್ಟಣೆ ಹತ್ತಿದವು. ಅರ್ಧ ಗಂಟೆ ಬಿಟ್ಟು ಅವಳು ಮೊಣಕಾಲೂರಿ ಒಳಗೆ ಹೋದಳು. ಆರಡಿ ಗಂಡಸಾಗಿದ್ದರೆ ಆ ಗೂಡಿಗೆ ತಲೆಯೂ ಹಿಡಿಸುತ್ತಿರಲಿಲ್ಲ. ಎಡಗೈಯಲ್ಲಿ ತನ್ನದೊಂದು ಮೊಟ್ಟೆ ತೆಗೆದು, ಬಲಗೈಯಲ್ಲಿ ಅವರದೊಂದು ಇಟ್ಟಳು. ಹೇಟೆಗಳು ಗುರ್ ಎಂದವು, ಮಣಿಕಟ್ಟಿಗೆ ಕುಟುಕಿದವು, ಕೊನೆಗೆ ಪುಕ್ಕ ಕೆದರಿ ಆ ದೊಡ್ಡ ಮೊಟ್ಟೆಗಳ ಮೇಲೆ ಮೈ ಚಪ್ಪಟೆ ಮಾಡಿ ಹರಡಿಕೊಂಡವು. ಒಂದೊಂದರ ಕೆಳಗೆ ಆರು. ಅದಕ್ಕಿಂತ ಒಂದೂ ಹೆಚ್ಚು ಹಿಡಿಸದು.

ಏಳಾರಲಿ ನಲವತ್ತೆರಡು. ಎರಡು ಉಳಿದವು. ಕಾವಿನ ಹುಚ್ಚು ಈಗಷ್ಟೇ ಹತ್ತುತ್ತಿದ್ದ ಎಂಟನೇ ಹೇಟೆಯೊಂದಿತ್ತು. ಅದು ಗಟ್ಟಿಯಾಗಿ ಕೂರಲು ಇನ್ನೊಂದು ದಿನ ಬೇಕು.

"ಇಲ್ಲಿ ಕೊಡು" ಎಂದರು ಅತ್ತೆ. ಎರಡನ್ನೂ ಹತ್ತಿಯಲ್ಲಿ ಸುತ್ತಿ, ಶಾಲಿನೊಳಗೆ ಹೊಟ್ಟೆಗೆ ಅವುಚಿಕೊಂಡು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು. ಮರುದಿನ ಸಂಜೆ ಎಂಟನೇ ಹೇಟೆ ಗಟ್ಟಿಯಾಗಿ ಕೂರುವವರೆಗೂ ಊಟ ತಿಂಡಿ ಎಲ್ಲ ಅಲ್ಲೇ. ಡ್ಯೂಟಿ ಮುಗಿಸಿ ಬಂದ ಮಗ, "ಏನಮ್ಮಾ, ಹುಷಾರಿಲ್ವಾ?" ಎಂದರೆ, "ಮುಟ್ಟಬೇಡ ಕಣೋ, ಕಾವಿಗೆ ಕೂತಿದ್ದೀನಿ" ಎಂದರು.

ಮುಂದಿನ ಹತ್ತು ದಿನ ಮೇಷ್ಟ್ರು ಎಂಟಕ್ಕೆ ಸರಿಯಾಗಿ ಹಾಜರು. ಬಕೆಟ್ ಬೋರಲು ಹಾಕಿಕೊಂಡು ಗೂಡಿನ ಮುಂದೆ ಕೂರುತ್ತಿದ್ದರು. ಸ್ಟೂಲಕ್ಕ ಒಂದೊಂದೇ ಹೇಟೆಯನ್ನು ಎತ್ತಿ ಕಾಳು, ನೀರು, ಬೂದಿ ಸ್ನಾನಕ್ಕೆ ಬಿಡುವುದು, ಕಾಲು ಗಂಟೆಯೊಳಗೆ ಅದು ತಾನಾಗಿ ಓಡಿಹೋಗಿ ಕೂರುವುದು, ಕೊಕ್ಕಿನಿಂದ ಮೊಟ್ಟೆಗಳನ್ನು ಒಳಗಿನದು ಹೊರಗೆ ಹೊರಗಿನದು ಒಳಗೆ ತಿರುಗಿಸುವುದು, ಎಲ್ಲವನ್ನೂ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. "ನಲವತ್ತು ವರ್ಷ ಕೋಳಿ ಸಾಕಿದ್ದೀನಿ. ಒಂದು ದಿನ ಇದನ್ನ ಕೂತು ನೋಡಿಲ್ಲ" ಎಂದು ತಮಗೇ ಹೇಳಿಕೊಂಡರು.

"ಯಂತ್ರಕ್ಕೆ ಸ್ವಿಚ್ಚು ಹಾಕಿ ಪೇಪರ್ ಓದ್ತಿದ್ರಿ, ಇನ್ನೇನು" ಎಂದು ಅತ್ತೆ ಟೀ ಲೋಟ ಕೈಗಿತ್ತರು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಸ್ಟೂಲಕ್ಕ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು. ಒಳಗೆ ಟಕ್, ಟಕ್. ಅದರ ಹಿಂದೆಯೇ ಸಣ್ಣಗೆ ಕೀ ಎಂಬ ದನಿ. ಅವಳು ಅದನ್ನು ಮೇಷ್ಟ್ರ ಕಿವಿಗೆ ಹಿಡಿದಳು. ಡ್ರಿಲ್ ಮೇಷ್ಟ್ರ ನೆಟ್ಟಗಿನ ಬೆನ್ನು ಅಂದು ಮೊದಲ ಸಲ ಬಾಗಿತು. ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಸಿಪ್ಪೆಗಳಲ್ಲಿ ನಕ್ಷತ್ರದಂಥ ಬಿರುಕುಗಳು ಮೂಡಿದವು. ಒಂದು ಮರಿ ಕೊಕ್ಕು ಹೊರಚಾಚಿ ಎರಡು ಗಂಟೆಯಾದರೂ ಅಲ್ಲೇ ಇತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸಿಪ್ಪೆ ಬಿಡಿಸಲು ಕೈಯಿಟ್ಟರು.

"ಕೈ ತೆಗೀರಿ!"

ಸಾವಿರಾರು ಹುಡುಗರನ್ನು ಗದರಿಸಿದ್ದ ಮನುಷ್ಯ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು ಅಟೆನ್ಷನ್‌ನಲ್ಲಿ ಕೂತರು. ಸ್ಟೂಲಕ್ಕನಿಗೇ ನಾಚಿಕೆಯಾಯಿತು. "ಬಯ್ದೆ ಅನ್ಕೋಬೇಡಿ ಸಾರ್. ಸಿಪ್ಪೆಯೊಳಗಿನ ರಕ್ತ ಇನ್ನೂ ಮರಿಯ ಒಳಗೆ ಹೋಗ್ತಾ ಇರುತ್ತೆ. ಈಗ ಕಿತ್ತರೆ ರಕ್ತ ಸೋರಿ ಸಾಯುತ್ತೆ. ಸುಸ್ತಾಗಿದೆ, ಮಲಗಿದೆ. ಏಳುತ್ತೆ."

ಎದ್ದಿತು. ಸುತ್ತಲೂ ಸಿಪ್ಪೆ ಕೊರೆದು, ಒಂದೇ ಒದೆತಕ್ಕೆ ಟೊಪ್ಪಿ ಹಾರಿಸಿದಂತೆ ಮುಚ್ಚಳ ಹಾರಿಸಿ, ಒದ್ದೆ ಮುದ್ದೆಯಾಗಿ ಹೊರಳಿತು. ಕಪ್ಪು ಮರಿ. ಕಾಲು ಇಷ್ಟುದ್ದ! ಅದರ ಹಿಂದೆ ಇನ್ನೊಂದು, ಮತ್ತೊಂದು. ಮರುದಿನ ಬೆಳಿಗ್ಗೆ ಲೆಕ್ಕ ಹಾಕಿದಾಗ ನಲವತ್ನಾಲ್ಕರಲ್ಲಿ ಮೂವತ್ತೊಂಬತ್ತು ಮರಿ. ಅತ್ತೆ ಶಾಲಿನಲ್ಲಿ ಕಾಪಾಡಿದ ಎರಡೂ ಅದರಲ್ಲಿದ್ದವು. "ಮೂವತ್ತೊಂಬತ್ತಲ್ಲ" ಎಂದು ತಿದ್ದಿದರು ಅವರು. "ಕೋಳಿಗಳದ್ದು ಮೂವತ್ತೇಳು. ನನ್ನದು ಎರಡು."

ನಾಲ್ಕು ವಾರ ಕಳೆಯುವಷ್ಟರಲ್ಲಿ ಆ ಹಿತ್ತಿಲು ನೋಡಲು ಜನ ಬರತೊಡಗಿದರು. ಮರಿಗಳು ಸಾಕುತಾಯಿಗಿಂತ ಒಂದು ತಲೆ ಎತ್ತರ ಬೆಳೆದಿದ್ದವು. ಆದರೂ ಮೋಡ ಗುಡುಗಿದರೆ ಸಾಕು, ಐದಾರು ಮರಿಗಳು ಓಡಿ ಬಂದು ಒಂದೊಂದು ತಾಯಿಯ ರೆಕ್ಕೆಯ ಕೆಳಗೆ ನುಗ್ಗುತ್ತಿದ್ದವು. ಪುಟ್ಟ ಹೇಟೆ ನೆಲ ಬಿಟ್ಟು ಮೇಲೆದ್ದು, ಆ ಮರಿಗಳ ಬೆನ್ನಿನ ಮೇಲೆ ಮಹಾರಾಣಿಯ ಹಾಗೆ ರೆಕ್ಕೆ ಹರಡಿ ಕೂತಿರುತ್ತಿತ್ತು. ಸ್ಟೂಲಕ್ಕನ ಗಂಡ ಒಂದು ದಿನ ಬಸ್ಸನ್ನು ಬೀದಿಯ ತಿರುವಿನಲ್ಲಿ ಎರಡು ನಿಮಿಷ ನಿಲ್ಲಿಸಿ, "ಎಡಗಡೆ ನೋಡಿ, ನನ್ನ ಹೆಂಡತಿಯ ಕೋಳಿಗಳು" ಎಂದು ಪ್ರಯಾಣಿಕರಿಗೆ ತೋರಿಸಿದ. ಮೇಲಧಿಕಾರಿ ಕಾರಣ ಕೇಳಿ ಕಾಗದ ಬರೆದರು. ಆಮೇಲೆ ಅವರೂ ಬಂದು ನೋಡಿಕೊಂಡು ಹೋದರು.

ಆ ವರ್ಷದ ಪ್ರದರ್ಶನದಲ್ಲಿ ಮೇಷ್ಟ್ರು ಮೈಕಿನ ಮುಂದೆ ನಿಂತು ಬರೆದುಕೊಂಡು ಬಂದ ಭಾಷಣವನ್ನು ಮಡಚಿ ಜೇಬಿಗಿಟ್ಟರು. "ಹೋದ ವರ್ಷ ಇದೇ ಜಾಗದಲ್ಲಿ ನಾನೊಂದು ನಿಯಮ ಹೇಳಿದ್ದೆ. ಅದು ನಿಯಮ ಅಲ್ಲ, ನನ್ನ ಅಹಂಕಾರ. ಅಂದು ನಕ್ಕವರಲ್ಲಿ ನಾನು ಮೊದಲನೆಯವನು. ನಮ್ಮ ತಾತನ ಕೋಳಿ ಇವತ್ತು ಭೂಮಿ ಮೇಲೆ ಇದ್ದರೆ ಅದು ಈ ತಾಯಿಯ ಮುಕ್ಕಾಲು ಕೇಜಿ ಕೋಳಿಗಳಿಂದ." ಹೀಗೆಂದವರೇ ಹಿಮ್ಮಡಿ ಕೂಡಿಸಿ, ಎದೆಯುಬ್ಬಿಸಿ, ಮೊದಲ ಸಾಲಿನಲ್ಲಿದ್ದ ಸ್ಟೂಲಕ್ಕನಿಗೆ ಸೆಲ್ಯೂಟ್ ಹೊಡೆದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸ್ಟೂಲಕ್ಕನಿಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಅತ್ತೆ ಪಕ್ಕೆಗೆ ತಿವಿದು ಎಬ್ಬಿಸಿ ನಿಲ್ಲಿಸಿದರು. "ನಿಲ್ಲೇ. ನಿಂತಿದ್ದೀಯಾ ಅಂತ ಗೊತ್ತಾಗಲಿ ಅಂತ ಕೈನೂ ಎತ್ತು."

ಅವಳು ಕೈಯೆತ್ತಿದಳು. ಚಪ್ಪಾಳೆ ಇನ್ನೂ ಜೋರಾಯಿತು.

ಆಮೇಲೆ ಸಂಘದವರು ಕಾವಿನ ಕೆಲಸವನ್ನೆಲ್ಲ ಅವಳಿಗೇ ಒಪ್ಪಿಸಿದರು. ಯಾರ ಮನೆಯಲ್ಲಿ ಹಳೆಯ ತಳಿಯೊಂದು ಕ್ಷೀಣಿಸುತ್ತಿದ್ದರೂ ಮೊಟ್ಟೆಗಳು ಹತ್ತಿಯಲ್ಲಿ ಸುತ್ತಿಕೊಂಡು ಅವಳ ಹಿತ್ತಿಲಿಗೆ ಬರುತ್ತವೆ. ಈಗ ಅಲ್ಲಿ ಇಪ್ಪತ್ತಾರು ಬ್ಯಾಂಟಮ್ ಹೇಟೆಗಳಿವೆ. ಪಕ್ಕದ ಮನೆಯವರು ತಮ್ಮ ಖಾಲಿ ಹಿತ್ತಿಲನ್ನೂ ಬಿಟ್ಟುಕೊಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಹೊಸದಾಗಿ ಕೋಳಿ ಸಾಕುವವರು ಅಲ್ಲಿ ಸೇರುತ್ತಾರೆ: ಒಬ್ಬಳು ಬ್ಯಾಂಕಿನವಳು, ಇಬ್ಬರು ನರ್ಸುಗಳು, ಒಬ್ಬ ಬಡಗಿ, ಲಾಂಡ್ರಿಯಿಂದ ಕೆಲಸ ಹೋದ ಹಳೆಯ ಗೆಳತಿಯರು ಮೂವರು. ಸ್ಟೂಲಕ್ಕ ಎಲ್ಲರ ಕೈಗೂ ಒಂದೊಂದು ಮೊಟ್ಟೆ ಕೊಟ್ಟು ಕಣ್ಣು ಮುಚ್ಚಿಸುತ್ತಾಳೆ.

"ರೆಪ್ಪೆಗೆ ಇಟ್ಕೊಳ್ಳಿ. ಅವಸರ ಬೇಡ. ಏನಾದರೂ ಗೊತ್ತಾಗ್ತಿದೆಯಾ?"

ಹೋದ ಭಾನುವಾರ ಬಡಗಿ ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಕಣ್ಣು ತೆರೆಯದೆಯೇ, "ಅಕ್ಕಾ, ಬೆಚ್ಚಗಿದೆ" ಎಂದ.

"ಹೌದಲ್ವಾ!" ಎಂದು ಸ್ಟೂಲಕ್ಕ ಜೋರಾಗಿ ನಕ್ಕಳು.